ಕ್ಲಾರ್ನೆಟ್ ಊದುತ್ತಿದ್ದ ವಹಾಬಿ

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೂ ಬೈಲಹೊಂಗಲದಲ್ಲಿ ಯಾರಿಗೂ ಗುರುತು ಹತ್ತಲಿಕ್ಕಿಲ್ಲ. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಅವರು ತೀರಿಕೊಂಡಾಗ, ತಂದೆತಾಯಿ ಇಟ್ಟ ಹೆಸರೊಂದು ಅವರಿಗೆ ಇತ್ತು ಎಂಬುದನ್ನೇ ಪೇಟೆಯ ಮಂದಿ ಮರೆತುಬಿಟ್ಟಿದ್ದರು. ವಹಾಬಿ ಮಾಸ್ತರ ಅಂದರೆ ಸಾಕು, ಅರಳೆ ಪೇಟೆಯ ಹಮಾಲರಿಂದ ಹಿಡಿದು ಕೋರ್ಟಿನ ವಕೀಲರವರೆಗೆ ಎಲ್ಲರೂ ಅವರ ಬ್ಯಾಂಡ್ ಕಂಪನಿಯ ಕಡೆಗೆ ಕೈ ತೋರಿಸುತ್ತಿದ್ದರು. ಹೋದ ತಿಂಗಳು ಅವರ ಮಗಳೂ ರಾಮದುರ್ಗದಲ್ಲಿ ತೀರಿಕೊಂಡಳೆಂದು ಸುದ್ದಿ ಬಂತು. ಮೊಮ್ಮಕ್ಕಳ ಲಗ್ನಗಳೂ ಎಂದೋ ಆಗಿಹೋಗಿವೆ, ಇನ್ನು ಈ ಮಾತಿನಿಂದ ಯಾರಿಗೂ ಕೆಡುಕಾಗಲಾರದು. ನನಗೂ ವಯಸ್ಸಾಗಿದೆ, ಒಂದೇ ಗುಟ್ಟನ್ನು ಇಷ್ಟು ವರ್ಷ ಕಾಯ್ದು ಸಾಕಾಗಿದೆ.

ಆಗ ನಾನು ಬಜಾರಿನ ಒಂದು ಖಾಸಗಿ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದೆ. ಎದುರಿನ ಓಣಿಯ ಬಾಯಲ್ಲೇ ಅವರ ಬ್ಯಾಂಡ್ ಕಂಪನಿ. ಕಂಪನಿ ಅಂದರೆ ಒಂದು ಖೋಲಿ. ಗೋಡೆಯ ಮೊಳೆಗಳಿಗೆ ತೂಗುಹಾಕಿದ ಕೆಂಪು ಕೋಟುಗಳು. ಮೂಲೆಯಲ್ಲಿ ಒಂದು ದೊಡ್ಡ ಡೋಲು, ಅದರ ಮೇಲೆ ಮಲಗಿದ ಬೆಕ್ಕು. ಮಾಸ್ತರರು ಹೊರಗಿನ ಕಟ್ಟೆಯ ಮೇಲೆ ಕೂತು ಕ್ಲಾರ್ನೆಟ್ ಒರೆಸುತ್ತಿದ್ದರು. ಒರೆಸಲಿಕ್ಕೆ ತೀರಿಹೋದ ಹೆಂಡತಿಯ ಇಳಕಲ್ ಸೀರೆಯ ಸೆರಗಿನ ತುಂಡನ್ನು ಇಟ್ಟುಕೊಂಡಿದ್ದರು. ಯಾವ ಮಾತಿಗೂ ತಟ್ಟನೆ ಉತ್ತರ ಕೊಡುವ ಮನುಷ್ಯರಲ್ಲ. ಮೊದಲು ಒಂದು ಉಸಿರು ಬಿಡುವುದು, ಆಮೇಲೆ "ಇರ್ಲಿ ಬಿಡ್ರಿ" ಅನ್ನುವುದು. ಬಹಳಷ್ಟು ಮಾತುಗಳು ಅಲ್ಲಿಗೇ ಮುಗಿದುಹೋಗುತ್ತಿದ್ದವು.

ಮದುವೆ ಸುಗ್ಗಿಯಲ್ಲಿ ಅವರ ಕಂಪನಿ ಊರಲ್ಲಿ ನಿಲ್ಲುತ್ತಿರಲಿಲ್ಲ. ಇವತ್ತು ದೊಡವಾಡ, ನಾಳೆ ಮುನವಳ್ಳಿ, ಆಚೆ ದಿನ ಸವದತ್ತಿ. ಚಚಡಿಯ ವಾಡೆಯ ಒಂದು ಮದುವೆಗೆ ನಾನೂ ಹೋಗಿದ್ದೆ. ಹೊಸ ಹುಡುಗನೊಬ್ಬ ತುತ್ತೂರಿಯಲ್ಲಿ ಏನೇನೋ ಊದುತ್ತಿದ್ದ. ಮಾಸ್ತರರು ಮೆರವಣಿಗೆಯಲ್ಲಿ ನಡೆಯುತ್ತಲೇ ಕ್ಲಾರ್ನೆಟ್ ಬಾಯಿಂದ ತೆಗೆದು, "ತಮ್ಮಾ, ನೀ ಬ್ಯಾರೆ ಮದವಿ ಬಾರ್ಸಾಕ ಹತ್ತೀಯೇನು? ನಮ್ಮ ವರ ಈ ಕುದರಿ ಮ್ಯಾಲೆ ಅದಾನ ನೋಡು" ಅಂದು ಮತ್ತೆ ಬಾಯಿಗಿಟ್ಟರು. ಹುಡುಗ ಸರಿಹೋದ. ಅವರು ಯಾರಿಗೂ ಬೈದದ್ದನ್ನು ನಾನು ಕಂಡಿಲ್ಲ. ಬೈಯುವುದಕ್ಕೂ ತ್ರಾಣ ಬೇಕು, ಅದನ್ನೆಲ್ಲ ಅವರು ಊದುವುದಕ್ಕೆ ಉಳಿಸಿಕೊಂಡಿದ್ದರು ಅಂತ ನಾನು ತಿಳಿದಿದ್ದೆ. ಅವರ ತ್ರಾಣವನ್ನು ತಿನ್ನುತ್ತಿದ್ದದ್ದು ಬೇರೆಯೇ ಎಂದು ಆಮೇಲೆ ಗೊತ್ತಾಯಿತು.

ಎಪ್ಪತ್ತರ ದಶಕದ ಆರಂಭದ ಒಂದು ಬೇಸಿಗೆಯಲ್ಲಿ ಅವರು ದವಾಖಾನೆಗೆ ಬಂದರು. ಬಾಯಿ ಒಣಗುತ್ತದೆ, ಊದಲಿಕ್ಕೆ ತುಟಿ ನಿಲ್ಲುವುದಿಲ್ಲ, ಎಷ್ಟು ನೀರು ಕುಡಿದರೂ ಸಾಲುವುದಿಲ್ಲ ಅಂದರು. ಡಾಕ್ಟರರು ನನ್ನ ಕಡೆ ನೋಡಿದರು. ಆಗ ಮೂತ್ರ ಪರೀಕ್ಷೆ ಅಂದರೆ ನನ್ನ ಕೆಲಸ. ಗಾಜಿನ ನಳಿಕೆಯಲ್ಲಿ ನೀಲಿ ಔಷಧಿಗೆ ನಾಲ್ಕು ಹನಿ ಹಾಕಿ ಸ್ಪಿರಿಟ್ ದೀಪದ ಮೇಲೆ ಕಾಯಿಸಬೇಕು. ನೀಲಿ ಉಳಿದರೆ ಮನುಷ್ಯ ಪಾರು. ಅವರದು ಹಸಿರಾಗಿ, ಹಳದಿಯಾಗಿ, ಇಟ್ಟಿಗೆಯ ಬಣ್ಣಕ್ಕೆ ಬಂದು ನಿಂತಿತು. ಸಕ್ಕರೆ ಬೇನೆ. ಡಾಕ್ಟರರು ಗುಳಿಗೆ ಬರೆದುಕೊಟ್ಟು, "ಇವತ್ತಿನಿಂದ ಒಂದ ಚಿಟಿಕಿ ಸಕ್ಕರೀನೂ ಬಾಯಾಗ ಹಾಕಬ್ಯಾಡ್ರಿ" ಅಂದರು.

ಅವರು ಹೊರಗೆ ಬಂದು ನನ್ನ ಮುಂದಿನ ಬಾಕಿನ ಮೇಲೆ ಬಹಳ ಹೊತ್ತು ಕೂತರು. ದೊಡವಾಡದಲ್ಲಿದ್ದ ಅವರ ಅಣ್ಣ ಇದೇ ಬೇನೆಯಿಂದ ಕಾಲು ಕೊಳೆತು ಸತ್ತಿದ್ದ. ಸತ್ತದ್ದಕ್ಕಿಂತ ಆಮೇಲಿನದು ದೊಡ್ಡದಾಯಿತು. ಆ ಬೇನೆ ರಕ್ತದಲ್ಲಿ ಇಳಿಯುತ್ತದೆ, ಆ ಮನೆಯ ಹೆಣ್ಣು ತಂದರೆ ಹುಟ್ಟುವ ಮಕ್ಕಳಿಗೂ ಬರುತ್ತದೆ ಎಂದು ಬೀಗರಾಗಬೇಕಾದವರು ಒಬ್ಬೊಬ್ಬರಾಗಿ ಹಿಂದೆ ಸರಿದರು. ಅಣ್ಣನ ಹಿರಿಯ ಮಗಳನ್ನು ಮುನವಳ್ಳಿಯ ಒಬ್ಬ ವಯಸ್ಸಾದ ವಿಧುರನಿಗೆ ಕೊಟ್ಟರು. ಕಿರಿಯವಳು ಮನೆಯಲ್ಲೇ ಉಳಿದಳು. ನಮ್ಮ ಮಾಸ್ತರರಿಗೆ ಇದ್ದವಳು ಒಬ್ಬಳೇ ಮಗಳು, ಆಗ ಲಗ್ನದ ವಯಸ್ಸಿಗೆ ಬರುತ್ತಿದ್ದಳು.

"ಕಂಪೌಂಡರ್ ಸಾಹೇಬ್ರ," ಅಂದರು, "ಈ ಮಾತು ಡಾಕ್ಟರಿಗೆ, ನಿಮಗ, ನನಗ ಮತ್ತ ನಿಮ್ಮ ಆ ಕಾಚಿನ ನಳಗಿಗೆ, ಇಷ್ಟ ಮಂದಿಗೆ ಗೊತ್ತಿರ್ಲಿ. ನನ್ನ ಮಗಳಿಗೂ ಗೊತ್ತಾಗೂದು ಬ್ಯಾಡ."

"ಹೇಳೂದಿಲ್ರಿ ಮಾಸ್ತರ" ಅಂದೆ. ದವಾಖಾನೆಯ ಮಂದಿ ದಿನಾ ಹತ್ತು ಜನಕ್ಕೆ ಕೊಡುವಂಥ ಮಾತು ಅದು, ಇಷ್ಟು ಭಾರವಾದೀತೆಂದು ಅನಿಸಿರಲಿಲ್ಲ.

ಅದೇ ವರ್ಷದ ಉರುಸಿನಲ್ಲಿ ಗಂಟು ಬಿತ್ತು. ನಮ್ಮ ಕಡೆ ಸಕ್ಕರೆ ಓದಿಸುವುದು ಅಂದರೆ ಮುಸಲ್ಮಾನರಿಗಷ್ಟೇ ಅಲ್ಲ, ನಮ್ಮಂಥ ಲಿಂಗಾಯತರ ಮನೆಯವರಿಗೂ ಗೊತ್ತಿದ್ದ ನಡಾವಳಿ. ಹರಕೆ ತೀರಿದಾಗ ಒಂದು ಪುಡಿಕೆ ಸಕ್ಕರೆ ಸಂತ ಬಾಬಾನ ದರ್ಗಾಕ್ಕೆ ಒಯ್ಯಬೇಕು. ದರ್ಗಾ ನೋಡಿಕೊಳ್ಳುವ ಮುಜಾವರರು ಅದರ ಮೇಲೆ ಫಾತಿಹಾ ಓದಿಕೊಡುತ್ತಾರೆ. ಅದನ್ನು ಅಲ್ಲಿದ್ದವರಿಗೆಲ್ಲ ಹಂಚಬೇಕು. ಸಣ್ಣವನಿದ್ದಾಗ ನನಗೆ ಜ್ವರ ಬಿಟ್ಟಾಗಲೆಲ್ಲ ನಮ್ಮವ್ವ ಓದಿಸಿಕೊಂಡು ಬರುತ್ತಿದ್ದಳು. ಉರುಸಿನ ಗಂಧದ ಮೆರವಣಿಗೆಯ ಮುಂದೆ ಪ್ರತಿ ವರ್ಷ ಮಾಸ್ತರರದೇ ಬ್ಯಾಂಡು. ಆ ಸಂಜೆಯೂ ಊದುತ್ತ ದರ್ಗಾದವರೆಗೆ ಬಂದರು, ಕ್ಲಾರ್ನೆಟ್ ಬಗಲಲ್ಲಿ ಹಿಡಿದು ತಲೆಗೆ ವಸ್ತ್ರ ಹಾಕಿಕೊಂಡರು, ಕಣ್ಣು ಮುಚ್ಚಿ ದುವಾ ಮಾಡಿದರು. ಹಿರಿಯ ಮುಜಾವರರು ಗೌರವದಿಂದ ಮೊದಲ ಹಿಡಿ ಸಕ್ಕರೆಯನ್ನು ಇವರ ಅಂಗೈಗೇ ಹಾಕಿದರು. ಇವರು ಅದನ್ನು ಹಣೆಗೆ ಹಚ್ಚಿಕೊಂಡು, ಪಕ್ಕದಲ್ಲಿ ನಿಂತಿದ್ದ ಡೋಲಿನವನ ಕೈಗೆ ಸುರಿದುಬಿಟ್ಟರು.

"ಯಾಕ, ನೀವು ತಗೊಳ್ರಿ" ಅಂದರು ಮುಜಾವರರು.

"ನಾ ತಿನ್ನೂದಿಲ್ರಿ."

"ತಿನ್ನೂದಿಲ್ಲಂದ್ರ? ಬಾಬಾನ ಸಕ್ಕರಿ ಇದು."

"ಗೊತ್ತೈತ್ರಿ. ನಾ ತಿನ್ನೂದಿಲ್ಲ."

ಒಂದು ಸುಳ್ಳು ಹೇಳಿದ್ದರೆ ಮುಗಿಯುತ್ತಿತ್ತು. ಹಲ್ಲು ನೋವು ಅನ್ನಬಹುದಿತ್ತು, ಉಪವಾಸ ಅನ್ನಬಹುದಿತ್ತು. ಒಂದು ಚಿಟಿಕೆ ತಿಂದಿದ್ದರೆ ಸಾಯುತ್ತಿರಲೂ ಇಲ್ಲ. ನಾನೇ ಆಮೇಲೆ ಹೇಳಿದೆ. ಆದರೆ ಡಾಕ್ಟರರ ಮಾತನ್ನು ಅವರು ಮೌಲ್ವಿಯ ಮಾತಿನ ಹಾಗೆ ಹಿಡಿದಿದ್ದರು, ದರ್ಗಾದಲ್ಲಿ ನಿಂತು ಸುಳ್ಳು ಹೇಳಲು ಮನಸ್ಸೂ ಒಪ್ಪಲಿಲ್ಲ. ಗುಂಪಿನಲ್ಲಿ ಯಾರೋ, "ವಹಾಬಿ ಆಗ್ಯಾನ ತಗೋ, ದರ್ಗಾ ಸೇರಂಗಿಲ್ಲ ಇವಗ" ಅಂದರು. ಮರುದಿನ ಚಹಾದಂಗಡಿಯಲ್ಲಿ ಅವರು ಸಕ್ಕರೆ ಚಹಾ ಬಿಟ್ಟದ್ದೂ ಅದಕ್ಕೇ ಅಂತ ತೀರ್ಮಾನವಾಯಿತು. ಅಲ್ಲಿಯವರೆಗೆ ಬೈಲಹೊಂಗಲದಲ್ಲಿ ಆ ಶಬ್ದವನ್ನು ಕೇಳಿದವರು ಕಡಿಮೆ. ವಾರದೊಳಗೆ ಎಲ್ಲರ ಬಾಯಲ್ಲಿ ಅದೇ.

ನಮ್ಮ ಮಂದಿಗಂತೂ ಅದರ ತಲೆಬುಡ ಗೊತ್ತಿರಲಿಲ್ಲ. ಸಿಹಿ ತಿನ್ನದವನು ವಹಾಬಿ, ಅಷ್ಟೇ. ಒಂದು ಯುಗಾದಿಗೆ ನಾನು ಹೊಟ್ಟೆ ತುಂಬಿತೆಂದು ಹೋಳಿಗೆ ಬೇಡ ಅಂದರೆ ನಮ್ಮವ್ವ, "ಯಾಕೋ, ನೀನೂ ವಹಾಬಿ ಆದೇನು?" ಅಂದಳು. ಅರಳೆ ಪೇಟೆಯಲ್ಲಿ ಒಬ್ಬ ದಲಾಲ ಯಾರ ಮನೆಯ ಊಟಕ್ಕೂ ಹೋಗುತ್ತಿರಲಿಲ್ಲ. ಅವನು ಶುದ್ಧ ಲಿಂಗಾಯತ, ಅವನಿಗೂ ವಹಾಬಿ ಅಂತ ಹೆಸರು ಬಿತ್ತು. ಇತ್ತ ಮಾಸ್ತರರು ಮಾತ್ರ ಎಲ್ಲ ಮದುವೆಗಳಲ್ಲಿ ಕ್ಲಾರ್ನೆಟ್ ಊದುತ್ತ, ಶುಕ್ರವಾರ ನಮಾಜಿಗೆ ಹೋಗುತ್ತ, ಗುರುವಾರ ದರ್ಗಾಕ್ಕೆ ಊದಿನಕಡ್ಡಿ ಕಳಿಸುತ್ತ ಇದ್ದರು. ವಹಾಬಿ ಊದಿನಕಡ್ಡಿ ಯಾಕೆ ಕಳಿಸುತ್ತಾನೆ ಅಂತ ಯಾರೂ ಕೇಳಲಿಲ್ಲ. ಹೆಸರು ಇಟ್ಟಾದ ಮೇಲೆ ಮನುಷ್ಯನನ್ನು ಯಾರು ನೋಡುತ್ತಾರೆ?

ಒಂದು ಆದಿತ್ಯವಾರ ಅವರು ನನ್ನನ್ನು ಕರೆದುಕೊಂಡು ಕಿತ್ತೂರಿಗೆ ಹೊರಟರು. ಅಲ್ಲಿ ಒಬ್ಬ ಉಸ್ತಾದರಿದ್ದರು, ಉರ್ದು ಸಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಅರಬಿ ಫಾರಸಿ ಬಲ್ಲವರೆಂದು ಸುತ್ತಲಿನ ಊರುಗಳಲ್ಲಿ ಹೆಸರು. ಬಸ್ಸಿನಲ್ಲಿ ಮಾಸ್ತರರು ಹೇಳಿದ್ದು ಇಷ್ಟೇ: "ಬೈಸ್ಕೊಳ್ಳಾಕ ನಾ ತಯಾರ ಅದೇನ್ರಿ. ಏನಂತ ಬೈಯಾಕ ಹತ್ಯಾರ ಅಂತಾದ್ರೂ ಗೊತ್ತಾಗ್ಲಿ."

ಉಸ್ತಾದರು ಕೇಳಿ ನಕ್ಕರು. ಅಂಗಳದ ಬೇವಿನ ಗಿಡದ ಕೆಳಗೆ ಹೊರಸಿನ ಮೇಲೆ ಕೂತು ಹೇಳಿದರು. ಇನ್ನೂರು ವರ್ಷದ ಕೆಳಗೆ ಅರಬಸ್ತಾನದ ನಡುಸೀಮೆಯಲ್ಲಿ ಒಬ್ಬ ಪಂಡಿತನಿದ್ದ. ಗೋರಿಗೆ ಬೇಡಿಕೊಳ್ಳುವುದು, ಗಿಡಕ್ಕೆ ಹರಕೆ ಕಟ್ಟುವುದು ತಪ್ಪು, ಬೇಡುವುದಿದ್ದರೆ ದೇವರೊಬ್ಬನನ್ನೇ ಬೇಡಿರಿ ಅಂದ. ಅವನ ಹಿಂದೆ ಹೋದವರು ತಮ್ಮನ್ನು ಎಂದೂ ವಹಾಬಿ ಅಂದುಕೊಂಡವರಲ್ಲ, ಒಬ್ಬನೇ ದೇವರೆಂದು ನಂಬಿದವರು ಅಂದುಕೊಂಡರು. ಆ ಹೆಸರು ಇಟ್ಟವರು ವಿರೋಧಿಗಳು. ಅದೂ ಅವನ ಹೆಸರಲ್ಲ, ಅವನ ಅಪ್ಪನ ಹೆಸರು.

"ಅಪ್ಪಗ ಮಗನ ಮಾತು ಅಷ್ಟ ಸೇರ್ತಿರಲಿಲ್ಲ ಅಂತನೂ ಹೇಳ್ತಾರ" ಅಂದರು ಉಸ್ತಾದರು.

"ಪಾಪ ಅಪ್ಪ" ಅಂದರು ಮಾಸ್ತರರು. ಆ ದಿನ ಅವರು ನಕ್ಕದ್ದು ಆ ಒಂದು ಸಲ.

ಮುಂದೆ ಆ ಶಬ್ದ ಹಡಗು ಹತ್ತಿ ಹಿಂದುಸ್ತಾನಕ್ಕೆ ಬಂತು. ಇಂಗ್ಲಿಷರ ಕಾಲದಲ್ಲಿ ಉತ್ತರದ ಕಡೆ ಸರಕಾರದ ಮೇಲೆ ಎದ್ದವರಿಗೆಲ್ಲ ವಹಾಬಿ ಅಂದರು. ಅವರಲ್ಲಿ ಎಷ್ಟೋ ಜನಕ್ಕೆ ಅರಬಸ್ತಾನದ ಆ ಪಂಡಿತ ಯಾರೆಂದೇ ಗೊತ್ತಿರಲಿಲ್ಲ. ವಹಾಬಿ ಅಂದರೆ ಬಂಡುಕೋರ, ಅಂದರೆ ಜೈಲು, ಕರಿನೀರಿನ ಶಿಕ್ಷೆ. ಕೆಲವರು ತಮ್ಮನ್ನು ಹಾಗೆ ಕರೆಯಬೇಡಿರಿ ಎಂದು ಸರಕಾರಕ್ಕೆ ಅರ್ಜಿ ಹಾಕಿಕೊಂಡರು.

"ಅರ್ಜಿ ಹಾಕಿದ್ರ ಹೋಗತೈತೇನ್ರಿ?" ಅಂತ ಮಾಸ್ತರರು ಆಸೆಯಿಂದ ಕೇಳಿದರು.

"ಸರಕಾರದ ಕಾಗದದಿಂದ ಹೋತಪಾ. ಮಂದಿ ಬಾಯಿಂದ ಹೋಗಲಿಲ್ಲ. ಆಮ್ಯಾಲೆ ನಮ್ಮ ಮೌಲ್ವಿಗಳ ಕೈಗೆ ಸಿಕ್ಕಿತು. ಒಬ್ಬರ ಮದರಸಾ ಒಬ್ಬರಿಗೆ ಸೇರಂಗಿಲ್ಲ. ಇವರು ಅವರಿಗೆ ವಹಾಬಿ ಅನ್ನೂದು, ಅವರು ಮತ್ತ ಬ್ಯಾರೆಯವರಿಗೆ ಅನ್ನೂದು. ಈಗ ನಮ್ಮ ಕಡೆ ಬಂದೈತಿ. ಇಲ್ಲಿ ಸಕ್ಕರಿ ತಿನ್ನದಾಂವ ವಹಾಬಿ."

"ಇದರಾಗ ನನಗ ಯಾವುದು ಹತ್ತತೈತ್ರಿ?"

ಉಸ್ತಾದರು ಅವರನ್ನು ಮೇಲಿಂದ ಕೆಳಗೆ ನೋಡಿದರು. "ನಿನಗ? ಖರೇ ಅಂಥಾವರು ಬಂದ್ರ ಮದಲ ನಿನ್ನ ಕೈಯಾಗಿನ ಕ್ಲಾರ್ನೆಟ್ ಕಸಕೊಂತಾರ, ವಾದ್ಯ ಅಂದ್ರ ಅವರಿಗೆ ಆಗಂಗಿಲ್ಲ. ನೀ ಯಾಕ ತಿನ್ನೂದಿಲ್ಲ, ಅದನ್ನ ಹೇಳು."

ಮಾಸ್ತರರು ನನ್ನ ಕಡೆ ನೋಡಿದರು. ಒಂದು ಉಸಿರು ಬಿಟ್ಟರು. "ಇರ್ಲಿ ಬಿಡ್ರಿ" ಅಂದರು. ಉಸ್ತಾದರು ಮುದುಕರು, ಮತ್ತೆ ಕೇಳಲಿಲ್ಲ.

ಮಗಳಿಗೆ ರಾಮದುರ್ಗದಿಂದ ಒಂದು ಸಂಬಂಧ ಬಂತು. ಕೈಮಗ್ಗದ ಮನೆತನ, ನೇಯ್ಗೆ ಕಸುಬು, ಹುಡುಗ ಒಳ್ಳೆಯವನು. ಆದರೆ ಹುಡುಗನ ಅಜ್ಜ ದರ್ಗಾದ ಭಕ್ತರು. ಹೆಣ್ಣಿನ ಅಪ್ಪ ವಹಾಬಿ ಅಂತ ಅವರ ಕಿವಿಗೂ ಬಿದ್ದಿತ್ತು. ಅವರು ಹೇಳಿಕಳಿಸಿದರು: ಮಾತು ಪಕ್ಕಾ ಆಗುವ ದಿನ ನಾವೇ ಓದಿಸಿದ ಸಕ್ಕರೆ ತರುತ್ತೇವೆ, ಹೆಣ್ಣಿನ ಅಪ್ಪ ಎಲ್ಲರ ಎದುರಿಗೆ ತಿನ್ನಬೇಕು, ತಿಂದರೆ ಲಗ್ನ, ಇಲ್ಲವಾದರೆ ಬಂದ ಬಸ್ಸಿಗೇ ತಿರುಗಿ ಹೋಗುತ್ತೇವೆ.

ಮಾಸ್ತರರು ಸಂಜೆ ದವಾಖಾನೆಗೆ ಬಂದು ಬಾಕಿನ ಮೇಲೆ ಕೂತರು. ನಾನು ಧೈರ್ಯ ಹೇಳಿದೆ. ಒಂದು ದಿನ ತಿಂದರೆ ಏನೂ ಆಗುವುದಿಲ್ಲ, ಎರಡು ದಿನ ಊಟದಲ್ಲಿ ಹಿಡಿತ ಇದ್ದರೆ ಸರಿಹೋಗುತ್ತದೆ ಅಂದೆ.

"ತಿನ್ನೂದು ದೊಡ್ಡದಲ್ರಿ," ಅಂದರು. "ನಾ ಎಂದೂ ಬಾಬಾನ್ನ ಬ್ಯಾಡ ಅಂದಾಂವ ಅಲ್ಲ. ಈಗ ತಿಂದ್ರ, ಇಷ್ಟ ದಿನ ಬ್ಯಾಡ ಅಂದಿದ್ದ, ಈಗ ಸೋತ ಅಂತಾರ. ಮಾಡದ ತಪ್ಪಿಗೆ ತೋಬಾ ಮಾಡಿದಂಗ ಆಗತೈತಿ." ಏಳುತ್ತ, "ನೀವೂ ಬರ್ರಿ ಅವತ್ತ" ಅಂದರು.

ಹೋದೆ. ಪಡಸಾಲೆಯ ತುಂಬ ಜಮಖಾನೆ ಹಾಸಿದ್ದರು. ರಾಮದುರ್ಗದ ಅಜ್ಜ ಎದುರಿಗೆ, ಪಕ್ಕದಲ್ಲಿ ನಮ್ಮೂರ ಹಿರಿಯ ಮುಜಾವರರು, ಸುತ್ತ ಜಮಾತಿನ ಮಂದಿ. ಹಿತ್ತಾಳೆ ಪರಾತದಲ್ಲಿ ಸಕ್ಕರೆ, ಮೇಲೆ ಹೂವಿನ ಎಸಳು. ಅಜ್ಜ ಒಂದು ಚಿಟಿಕೆ ತೆಗೆದು ಮಾಸ್ತರರ ಬಾಯಿಗೆ ಇಟ್ಟರು. ಮಾಸ್ತರರು ತಿಂದರು. ಪಡಸಾಲೆಯಲ್ಲಿ "ಮಾಶಾಲ್ಲಾ" ಅಂತ ಗದ್ದಲವೆದ್ದಿತು. ಆಮೇಲೆ ನಾನು ಲೆಕ್ಕಕ್ಕೇ ಹಿಡಿಯದಿದ್ದ ನಡಾವಳಿ ಶುರುವಾಯಿತು. ಬೀಗರ ಕಡೆಯ ಪ್ರತಿಯೊಬ್ಬ ಹಿರಿಯನೂ ಎದ್ದು ಬಂದು ಹೆಣ್ಣಿನ ಅಪ್ಪನ ಬಾಯಿಗೆ ಸಕ್ಕರೆ ಹಾಕಬೇಕು. ಚಿಟಿಕೆ ಹಿಡಿಯಾಯಿತು. ವಹಾಬಿಗೆ ತಿನ್ನಿಸಿದ ಪುಣ್ಯದಲ್ಲಿ ತಮಗೂ ಪಾಲಿರಲಿ ಅಂತ ನಮ್ಮೂರವರೂ ಸಾಲಿಗೆ ನಿಂತರು. ಅವರು ಬಂದವರಿಗೆಲ್ಲ ಬಾಯಿ ತೆರೆದರು. ಕಣ್ಣಲ್ಲಿ ನೀರು ಬಂದಿತ್ತು. ಪಶ್ಚಾತ್ತಾಪದ ಕಣ್ಣೀರು ಅಂತ ಮುಜಾವರರು ಪಕ್ಕದವರಿಗೆ ಹೇಳಿದರು. ನನಗೆ ಅಲ್ಲಿ ಕೂಡಲಾಗಲಿಲ್ಲ, ಎದ್ದು ಹೊರಗೆ ನಿಂತೆ.

ಮೂರನೆಯ ದಿನ ಪರೀಕ್ಷೆಗೆ ಬಂದರು. ನಳಿಕೆಯಲ್ಲಿ ನೀಲಿ ಕ್ಷಣ ಸಹ ನಿಲ್ಲಲಿಲ್ಲ, ಕೆಂಪಗೆ ತಿರುಗಿತು. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿದರು. "ಚಲೋ ಐತ್ರಿ. ನನ್ನ ಮಗಳ ಲಗ್ನದ ಬಣ್ಣ" ಅಂದರು. ಲಗ್ನ ಚೆನ್ನಾಗಿಯೇ ಆಯಿತು. ಮಗಳ ಮದುವೆಗೆ ಅಪ್ಪ ಊದಬಾರದೆಂದು ಯಾರು ಎಷ್ಟು ಹೇಳಿದರೂ ಕೇಳದೆ ತಾವೇ ಮುಂದೆ ನಿಂತು ಊದಿದರು.

ಆದರೆ ಮುಂದಿನ ಉರುಸಿನಲ್ಲಿ ಮುಜಾವರರು ನಗುನಗುತ್ತ ಸಕ್ಕರೆ ಹಿಡಿದು ಬಂದಾಗ ಮಗಳಿಗಾಗಿ ಒಮ್ಮೆ ಮುರಿದ ಪಥ್ಯವನ್ನು ಇನ್ನೊಮ್ಮೆ ಮುರಿಯಲೊಲ್ಲದ ಮಾಸ್ತರರು ಮತ್ತೆ ಹಣೆಗೆ ಹಚ್ಚಿಕೊಂಡು ಪಕ್ಕದವನಿಗೆ ಕೊಟ್ಟುಬಿಟ್ಟರು. "ಬೀಗರ ಸಕ್ಕರಿ ನಡೀತು, ನಮ್ಮ ಬಾಬಾನ ಸಕ್ಕರಿ ನಡೀಲಿಲ್ಲ, ಹೌದಿಲ್ಲೋ?" ಅಂದರು ಮುಜಾವರರು. ಆ ಮುದುಕರ ಮುಖದಲ್ಲಿ ಸಿಟ್ಟಿಗಿಂತ ನೋವು ಹೆಚ್ಚಿತ್ತು. ಅವರದೂ ತಪ್ಪು ಅನ್ನಲಾರೆ. ಆ ವರ್ಷದಿಂದ ಗಂಧದ ಮೆರವಣಿಗೆಗೆ ಬೇರೆ ಬ್ಯಾಂಡು ಬಂತು.

ಉಸ್ತಾದರು ಹೇಳಿದ್ದ ಅರ್ಥಗಳೂ ಹೇಳದವೂ ಒಂದೊಂದಾಗಿ ಮಾಸ್ತರರ ಕಟ್ಟೆಗೆ ಬಂದುಹೋದವು. ಹಾಸಿಗೆಯ ಸುರುಳಿ ಹೆಗಲಿಗೆ ಹಾಕಿಕೊಂಡು ಧರ್ಮದ ಉಪದೇಶ ಮಾಡುತ್ತ ಮಸೀದಿಯಿಂದ ಮಸೀದಿಗೆ ತಿರುಗುವ ಕೆಲವರು ಊರಿಗೆ ಬಂದರು. ಇಲ್ಲೊಬ್ಬ ಗಟ್ಟಿ ಮನುಷ್ಯನಿದ್ದಾನೆ, ಊರೇ ಎದುರಾದರೂ ಉರುಸಿನ ಸಕ್ಕರೆ ತಿಂದಿಲ್ಲ ಅಂತ ಕೇಳಿ ಹುಡುಕಿಕೊಂಡು ಬಂದು ಸಲಾಮು ಮಾಡಿದರು. ಮಾಸ್ತರರು ಆಗ ಕ್ಲಾರ್ನೆಟ್‌ಗೆ ಎಣ್ಣೆ ಹಚ್ಚುತ್ತಿದ್ದರು. ಅದನ್ನು ಬಿಟ್ಟುಬಿಡಿರಿ ಅಂದರು ಅವರು. "ಸಕ್ಕರಿ ಬಿಟ್ಟಾತು, ಚಾ ಬಿಟ್ಟಾತು. ಇದೊಂದ ಉಳದೈತಿ, ಇರ್ಲಿ ಬಿಡ್ರಿ" ಅಂದರು ಇವರು. ಅವರೂ ಮುಖ ಸಣ್ಣ ಮಾಡಿಕೊಂಡು ಹೋದರು. ಎಮರ್ಜೆನ್ಸಿಯ ದಿನಗಳಲ್ಲಿ ಒಬ್ಬ ಪೊಲೀಸ ಬಂದು, ಈ ಊರಲ್ಲಿ ವಹಾಬಿ ಯಾರು ಅಂತ ವಿಚಾರಿಸಿ, ಅವರನ್ನು ಠಾಣೆಗೆ ಕರೆದೊಯ್ದ. ಅಲ್ಲಿದ್ದ ಫೌಜದಾರರು ನೋಡಿ, "ಇವರು ನಮ್ಮ ತಮ್ಮನ ಮದವಿಯಾಗ ಊದಿದವರಲ್ಲೋ" ಅಂದು ಚಹಾ ತರಿಸಿದರು. ಚಹಾ ಕುಡಿಯಲಿಲ್ಲ ಅಂತ ಅವರಿಗೂ ಮತ್ತೆ ಸಂಶಯ ಬಂತಂತೆ. ಕೊನೆಕೊನೆಗೆ ಕೊಲ್ಲಿ ದೇಶಗಳಿಂದ ರಜೆಗೆ ಬಂದ ಹುಡುಗರು ಬೇರೆಯೇ ರೀತಿಯ ಟೋಪಿ, ಅತ್ತರು ತಂದರು. ಆಗ ವಹಾಬಿ ಅಂದರೆ ಅರಬರ ದುಡ್ಡು ಬರುವವನು ಅಂತಾಯಿತು. ಕೋಟಿನ ಮೊಣಕೈಗೆ ತೇಪೆ ಹಾಕಿಕೊಂಡು ತಿರುಗುತ್ತಿದ್ದ ಮಾಸ್ತರರ ಬೆನ್ನಿಗೆ ಅದೂ ಬಂತು.

"ಇದು ಎಷ್ಟನೇ ಅರ್ಥರಿ?" ಅಂತ ಒಮ್ಮೆ ನನ್ನನ್ನು ಕೇಳಿದರು. ನಾನು ನಕ್ಕೆ. ಅವರು ನಗಲಿಲ್ಲ. ಆ ಹೊತ್ತಿಗೆ ಹಲ್ಲುಗಳು ಸಡಿಲಾಗಿದ್ದವು. ಕ್ಲಾರ್ನೆಟ್ ಹಿಡಿಯಲಿಕ್ಕೆ ಮುಂದಿನ ಹಲ್ಲು ಬೇಕು, ಅವೇ ಮೊದಲು ಹೋದವು. ಕೆಲ ತಿಂಗಳು ಬ್ಯಾಂಡಿನ ಮುಂದೆ ಬರೇ ಕೈ ಆಡಿಸುತ್ತ ನಡೆದರು. ಆಮೇಲೆ ಅದೂ ನಿಂತಿತು. ಕಾಲಿನ ಹೆಬ್ಬೆರಳಿಗೆ ಚಪ್ಪಲಿ ಕಡಿದು ಆದ ಗಾಯ ಮಾಯಲಿಲ್ಲ. ಡಾಕ್ಟರರೂ ನಾನೂ ಹುಬ್ಬಳ್ಳಿಯ ಆಸ್ಪತ್ರೆಗೆ ಒಯ್ದೆವು. ಅಲ್ಲಿಂದ ಜೀವಂತವಾಗಿ ಬರಲಿಲ್ಲ. ಊರಲ್ಲಿ ಜ್ವರ ಅಂತ ಹೇಳಿದೆವು.

ಹೆಣ ಅಂಗಳದಲ್ಲಿತ್ತು. ಮೀಯಿಸಿ ಬಿಳಿ ಬಟ್ಟೆ ಹೊದಿಸಿಯಾಗಿತ್ತು. ಬ್ಯಾಂಡಿನ ಹುಡುಗರು ಹೊರಲು ತಯಾರಾಗಿ ನಿಂತಿದ್ದರು. ಆದರೆ ಮಣ್ಣು ಮಾಡುವ ಮೊದಲು ಆಗಬೇಕಾದ ಜನಾಜಾದ ನಮಾಜಿಗೆ ಮುಂದೆ ನಿಲ್ಲುವವರು ಯಾರು ಎಂಬ ತಕರಾರು ಎದ್ದಿತ್ತು. ದರ್ಗಾದ ಸಕ್ಕರೆ ಒಲ್ಲೆನೆಂದವನಿಗೆ ನಮ್ಮ ಇಮಾಮರು ನಿಲ್ಲುವುದಿಲ್ಲ ಅಂದರು ಮುಜಾವರರ ಕಡೆಯವರು. ಹಲ್ಲು ಉದುರುವವರೆಗೆ ವಾದ್ಯ ಬಿಡದವನು ನಮ್ಮವನಲ್ಲ ಅಂದರು ಹಾಸಿಗೆಯ ಸುರುಳಿಯವರ ಕಡೆಯವರು. ಬಿಸಿಲು ಏರುತ್ತಿತ್ತು. ಕಿತ್ತೂರಿನಿಂದ ಬಂದಿದ್ದ ಉಸ್ತಾದರು ಒಂದು ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ನನಗೆ ಮೈ ಉರಿಯಿತು. ಸತ್ತವರಿಗೆ ಇನ್ನು ಗುಟ್ಟು ಯಾತಕ್ಕೆ? ಎಲ್ಲರ ನಡುವೆ ನಿಂತು, ಇವರಿಗೆ ಸಕ್ಕರೆ ಬೇನೆ ಇತ್ತು, ನನ್ನ ಕೈಯಾರೆ ನೋಡಿದ್ದೇನೆ ಅಂತ ಹೇಳಿಬಿಡಬೇಕೆಂದು ಎದ್ದೆ.

ಮಗಳು ಬಾಗಿಲ ಪರದೆಯ ಹಿಂದಿನಿಂದ, "ಕಾಕಾ, ಒಂದೀಟ ಒಳಗ ಬರ್ರಿ" ಅಂದಳು.

ಒಳಗೆ ಹೋದೆ. ಅವಳ ಬಗಲಲ್ಲಿ ಒಂದು ಹೆಣ್ಣು ಕೂಸು, ಸೆರಗು ಹಿಡಿದು ನಿಂತದ್ದು ಇನ್ನೊಂದು. ಅವಳ ಕಣ್ಣು ಒಣಗಿದ್ದವು.

"ಏನ ಹೇಳಾಕ ಎದ್ದಿದ್ರಿ ಅಂತ ನನಗ ಗೊತ್ತೈತಿ. ಹೇಳಬ್ಯಾಡ್ರಿ."

"ನಿನಗ ಗೊತ್ತಿತ್ತೇನವಾ?"

"ಮನ್ಯಾಗ ಅಡಗಿ ಮಾಡಾಕಿ ನಾನ ಅಲ್ರೀ. ಮದಲಿಂದ ಗೊತ್ತಿತ್ತು. ನನಗ ಗೊತ್ತೈತಿ ಅಂತ ಅಪ್ಪಗ ಗೊತ್ತಿರಲಿಲ್ಲ, ಅಷ್ಟ. ಅವತ್ತ ಎಲ್ಲಾರೂ ಅಪ್ಪನ ಬಾಯಾಗ ಸಕ್ಕರಿ ತುರುಕೂಮುಂದ ಇದ ಪರದೆ ಹಿಂದ ನಿಂತಿದ್ದೆ."

"ಮತ್ತ ಯಾಕ ಹೇಳಬ್ಯಾಡ ಅಂತೀ? ನೋಡು, ಮಣ್ಣ ಮಾಡಾಕ ಬಿಡವಲ್ರು. ಹೇಳಿದ್ರ ಆ ಹೆಸರು ಹೋಗತೈತಿ."

ಅವಳು ಮಕ್ಕಳ ಕಡೆ ನೋಡಿದಳು. "ವಹಾಬಿ ಅನ್ನೂದು ಅಪ್ಪನ ಜೋಡಿ ಮಣ್ಣಿಗೆ ಹೋಗತೈತ್ರಿ ಕಾಕಾ. ಬ್ಯಾನಿ ಅಂದ್ರ ಇವರ ಮಟಾ ಬರತೈತಿ. ನನಗ ಎರಡ ಹೆಣ್ಣ ಅದಾವು. ಅಪ್ಪ ವಹಾಬಿ ಆಗೇ ಹೋಗ್ಲಿ."

ನಾನು ಹೊರಗೆ ಬಂದೆ. ಹಿರಿಯ ಮುಜಾವರರು ನನ್ನನ್ನೇ ನೋಡುತ್ತಿದ್ದರು. ಹತ್ತಿರ ಬಂದು ನನ್ನ ಕೈ ಹಿಡಿದರು.

"ಕಂಪೌಂಡರ್ರ, ನೀವು ಅವನ ದೋಸ್ತರು. ದವಾಖಾನಿಯವರು ಬ್ಯಾರೆ. ಒಂದ ಮಾತ ಹೇಳ್ರಿ. ಅಂವ ಸಕ್ಕರಿ ಒಲ್ಲೆ ಅಂದದ್ದಕ್ಕ ಬ್ಯಾರೆ ಏನರ ಕಾರಣ ಇತ್ತೇನು? ಇದ್ರ ನಾನ ಮುಂದ ನಿಂತು ನಮಾಜ ಮಾಡಸ್ತೇನಿ."

ಅಂಗಳದ ಮಂದಿಯೆಲ್ಲ ಹತ್ತಿರ ಸರಿದರು. ಉಸ್ತಾದರೂ ಕಣ್ಣು ತೆರೆದರು.

"ಬ್ಯಾರೆ ಕಾರಣ ಏನೂ ಇರಲಿಲ್ರಿ," ಅಂದೆ. "ಅವರು ವಹಾಬಿನ ಇದ್ರು."

ಮುಜಾವರರು ನನ್ನ ಕೈ ಬಿಟ್ಟರು. ಕಿತ್ತೂರಿನ ಉಸ್ತಾದರು ಕುರ್ಚಿಯ ಕೈ ಹಿಡಿದು ನಿಧಾನವಾಗಿ ಎದ್ದು, "ಆತಲ್ಲ, ಗೊತ್ತಾತಲ್ಲ. ಇನ್ನ ನಿಂದ್ರವರು ನನ್ನ ಹಿಂದ ಸಾಲ ಹಚ್ಚಿ ನಿಂದರ್ರಿ" ಅಂದು ಹೆಣದ ಮುಂದೆ ಹೋಗಿ ನಿಂತರು. ಬ್ಯಾಂಡಿನ ಹುಡುಗರು ಅವರ ಹಿಂದೆ ಸಾಲು ಹಚ್ಚಿದರು. ಅಲ್ಲಿಯವರೆಗೆ ಒಂದು ಹನಿ ಕಣ್ಣೀರು ಹಾಕದಿದ್ದ ಮಗಳು ಪರದೆಯ ಹಿಂದೆ ಗಟ್ಟಿಯಾಗಿ ಅಳತೊಡಗಿದಳು.